ಕೌದಿಯ ಸುತ್ತ ಕೂತವರು

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)

ನನ್ನನ್ನು ಕರೆಯಲು ಬಂದ ನಿಮ್ಮ ಕಾರ್ಯಕರ್ತೆ, ‘ಬಾಯಾರ, ವರದಕ್ಷಿಣಿ ಬಗ್ಗೆ ಒಂದು ತಾಸು ಭಾಷಣ ಮಾಡ್ರಿ’ ಎಂದಳು. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳಿಗೆ ಒಂದು ತಾಸು ಭಾಷಣ ಮಾಡುವುದು ಕಷ್ಟವೇನಲ್ಲ. ಕೇಳುವವರಿಗೆ ಕಷ್ಟ. ಅದಕ್ಕೇ ಭಾಷಣ ಬಿಟ್ಟು ಈ ಗಂಟು ತಂದಿದ್ದೇನೆ. ಬಿಚ್ಚಿ ನಡುವೆ ಹಾಸಿರಿ. ಇದು ನಮ್ಮ ಓಣಿಯ ಹದಿನೈದು ಹೆಂಗಸರು ಸೇರಿ ಹೊಲಿದ ಕೌದಿ. ಇದರ ಬಗ್ಗೆಯೇ ಮಾತಾಡುತ್ತೇನೆ. ವರದಕ್ಷಿಣೆ, ಹೊಡೆತ, ಸಾಲ ಎಲ್ಲ ಇದರೊಳಗೇ ಬರುತ್ತದೆ.

ಕೌದಿ ನಿಮಗೆ ಹೊಸದಲ್ಲ. ನಮ್ಮ ಧಾರವಾಡದ ಕಡೆ ಕೌದಿ ಇಲ್ಲದ ಮನೆ ಇರಲಿಲ್ಲ. ಅಜ್ಜಿಯ ಹಳೆಯ ಇಳಕಲ್ ಸೀರೆ, ಅಜ್ಜನ ಧೋತರ, ಹರಿದ ಕುಬಸ, ಚಿಕ್ಕದಾದ ಲಂಗ, ಇವೆಲ್ಲ ಸೇರಿದರೆ ಒಂದು ಕೌದಿ. ಹೆರಿಗೆಗೆ ಬಂದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕೂಸಿಗೆ ಕುಂಚಿಗೆ, ಕುಲಾಯಿ, ಕೌದಿ ಕೊಟ್ಟು ಕಳಿಸುತ್ತಿದ್ದರು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ನಮಗೆಲ್ಲ ಬುದ್ಧಿ ಹೇಳಿಯೇ ಬೆಳೆಸಿದ್ದಾರೆ. ಕೌದಿ ಹೊಲಿಯುವವಳು ಮಾತ್ರ ಕಾಲು ಮುದುಡಿಕೊಳ್ಳಲಿಲ್ಲ. ಇನ್ನೊಂದು ತೇಪೆ ಹಚ್ಚಿ ಹಾಸಿಗೆಯನ್ನೇ ಒಂದು ಗೇಣು ಉದ್ದ ಮಾಡಿದಳು.

ಬೇಸಿಗೆಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಕೌದಿ ಹಾಸುತ್ತಿದ್ದರು. ನಾಲ್ಕು ಕಡೆಯಿಂದ ನಾಲ್ಕು ಹೆಂಗಸರು ಹೊಲಿಯುತ್ತ ಬರುತ್ತಿದ್ದರು. ಎಲ್ಲರ ಕಣ್ಣೂ ಸೂಜಿಯ ಮೇಲೆ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮುಖ ನೋಡದೆ ಇದ್ದಾಗ ಮಾತು ತಾನೇ ಹೊರಗೆ ಬರುತ್ತದೆ. ಯಾರ ಅತ್ತೆ ಉಣ್ಣಲು ಕೊಡುವುದಿಲ್ಲ, ಯಾರ ಗಂಡ ಕುಡಿದು ಬರುತ್ತಾನೆ, ಯಾರಿಗೆ ಮೂರನೆಯದೂ ಹೆಣ್ಣಾಗಿದೆ ಎನ್ನುವುದನ್ನೆಲ್ಲ ನಾನು ಮೊದಲು ಕೇಳಿದ್ದು ಆ ಕೌದಿಯ ಅಂಚಿನಲ್ಲಿ ಕೂತು. ಮುಂದೆ ನಾನು ಓದಿದ, ಓದಿಸಿದ ಇತಿಹಾಸದ ಪುಸ್ತಕಗಳಲ್ಲಿ ರಾಜರು ಇದ್ದರು, ಯುದ್ಧಗಳಿದ್ದವು. ಈ ಪಡಸಾಲೆ ಮಾತ್ರ ಇರಲಿಲ್ಲ.

ಆದರೆ ಆ ಕಾಲವನ್ನು ಹೊಗಳಲು ನಾನು ಬಂದಿಲ್ಲ. ಕೂಲಿಗೆ ಹೊಲಿಯಲು ಬಂದ ಹೆಂಗಸಿಗೆ ನಮ್ಮ ಮನೆಯಲ್ಲಿ ನೀರು ಕೊಡುತ್ತಿದ್ದುದು ಕಟ್ಟೆಯ ಹೊರಗೆ. ಅವಳು ಹೊಲಿದ ಕೌದಿ ಒಳಗೆ ಬರಬಹುದು, ಅವಳು ಬರುವ ಹಾಗಿಲ್ಲ. ಇನ್ನೊಂದು ಮಾತು. ಅಲ್ಲಿ ಕಷ್ಟ ಹೇಳಿಕೊಳ್ಳುತ್ತಿದ್ದರು, ಅಳುತ್ತಿದ್ದರು, ‘ಹೆಣ್ಣಿನ ಜನ್ಮನ ಇಷ್ಟವಾ’ ಎಂದು ದಾರ ಕಡಿದು ಎದ್ದು ಹೋಗುತ್ತಿದ್ದರು. ಕೌದಿ ಪೂರ್ತಿಯಾಗುತ್ತಿತ್ತು, ಕಷ್ಟ ಹಾಗೇ ಉಳಿಯುತ್ತಿತ್ತು.

ನಿವೃತ್ತಿಯಾದ ಮೇಲೆ ನಮ್ಮ ಓಣಿಯ ಸ್ವಸಹಾಯ ಸಂಘಕ್ಕೆ ಲೆಕ್ಕ ಬರೆದುಕೊಡಲು ಹೋಗುತ್ತಿದ್ದೆ. ಸಂಘದಲ್ಲಿ ಹದಿನೈದು ಜನ. ಶನಿವಾರ ಮಧ್ಯಾಹ್ನ ಉಳಿತಾಯ ಕಟ್ಟುವುದು, ಸಹಿ ಹಾಕುವುದು, ಏಳುವುದು. ಹತ್ತು ನಿಮಿಷದ ಕೆಲಸ. ಒಂದು ದಿನ ಒಬ್ಬ ಅಜ್ಜಿ, ‘ಬಂದೇವಿ, ಕೈ ಖಾಲಿ ಯಾಕ ಕುಂದ್ರೂದು?’ ಎಂದು ಅರ್ಧ ಹೊಲಿದ ಕೌದಿ ತಂದಳು. ಅಂದಿನಿಂದ ಶನಿವಾರದ ಸಭೆ ಎರಡು ತಾಸಿನದಾಯಿತು.

ದೊಡ್ಡ ಕೌದಿಯನ್ನು ಎಲ್ಲರೂ ಒಟ್ಟಿಗೆ ಹೊಲಿಯಲು ಆಗುವುದಿಲ್ಲ, ಅಷ್ಟು ಜಾಗ ಯಾರ ಮನೆಯಲ್ಲಿದೆ? ಅದಕ್ಕೆ ಚೌಕದ ಲೆಕ್ಕ ಮಾಡಿದೆವು. ಇದನ್ನು ಟೇಲರಿಂಗ್ ಕಲಿತ ಹುಡುಗಿಯರು ಬ್ಲಾಕ್ ಎನ್ನುತ್ತಾರೆ. ನಾಲ್ಕೂವರೆ ಅಂಗುಲದ ಒಂಬತ್ತು ತುಂಡು ಕತ್ತರಿಸಬೇಕು. ಹೊಲಿಗೆಗೆ ಎಲ್ಲ ಕಡೆ ಕಾಲು ಅಂಗುಲ ಹೋದರೆ ಉಳಿಯುವುದು ನಾಲ್ಕು ಅಂಗುಲ. ಮೂರು ಮೂರರಂತೆ ಮೂರು ಸಾಲು ಜೋಡಿಸಿದರೆ ಒಂದು ಅಡಿಯ ಚೌಕ. ಹದಿನೈದು ಜನ ತಲೆಗೆ ಎರಡರಂತೆ ಹೊಲಿದರೆ ಮೂವತ್ತು ಚೌಕ. ಅಡ್ಡ ಐದು, ಉದ್ದ ಆರು. ಐದು ಅಡಿ ಅಗಲ, ಆರು ಅಡಿ ಉದ್ದದ ಕೌದಿಯ ಮೇಲ್ಮೈ ಸಿದ್ಧ. ಕೆಳಗೆ ಹಳೆಯ ಸೀರೆ, ಧೋತರದ ಪದರು ಕೊಟ್ಟು, ಸೂಜಿ ಒಳಗೆ ಹೊರಗೆ ಹಾಯಿಸಿ ಸಾಲಾಗಿ ಹೊಲಿದರೆ ಕೌದಿ.

ಮೊದಲ ಸಲ ಎಲ್ಲವೂ ಕೆಟ್ಟಿತು. ಒಬ್ಬಳು ಟೇಪು ಹಿಡಿದು ಅಳೆದಿದ್ದಳು, ಇನ್ನೊಬ್ಬಳು ಬೆರಳಿನಿಂದ. ಚೌಕಗಳು ಒಂದಕ್ಕೊಂದು ಕೂಡಲಿಲ್ಲ. ಆಮೇಲೆ ರಟ್ಟು ಕತ್ತರಿಸಿ ಎಲ್ಲರಿಗೂ ಒಂದೇ ಅಳತೆ ಕೊಟ್ಟೆವು. ಹೊಸ ಕೆಂಪು ಬಟ್ಟೆಯನ್ನು ತೊಳೆಯದೆ ಹಚ್ಚಿದ್ದರಿಂದ ಬಣ್ಣ ಹರಿದು ಪಕ್ಕದ ಬಿಳಿಯೆಲ್ಲ ಗುಲಾಬಿಯಾಯಿತು. ಹೊಸ ಬಟ್ಟೆಯನ್ನು ನೆನೆಸಿ ಒಣಗಿಸಿ ಕತ್ತರಿಸಬೇಕು ಎಂದು ಹಾಗೆ ಕಲಿತೆವು. ಒಬ್ಬಳಿಗೆ ತ್ರಿಕೋಣ ಕೂಡಿಸುವುದು ಗೊತ್ತು, ಅವಳು ಎಲ್ಲರಿಗೂ ಕಲಿಸಿದಳು. ಓದು ಬಾರದವಳು ಎಂ.ಎ. ಮಾಡಿದ ನನಗೆ, ‘ಬಾಯಾರ, ನಿಮ್ಮ ಹೊಲಿಗಿ ಹಾವು ಹರದಂಗ ಆಗೇದ, ಬಿಚ್ಚರಿ’ ಎಂದಳು. ಬಿಚ್ಚಿದೆ. ಒಂದೇ ಚಾಪೆಯ ಮೇಲೆ ಎಲ್ಲ ಜಾತಿಯವರೂ ಕೂತು ಒಬ್ಬರ ಮನೆಯ ಹಳೆಯ ಬಟ್ಟೆಯನ್ನು ಇನ್ನೊಬ್ಬರು ಮುಟ್ಟಿ ಹೊಲಿದೆವು. ಜೋಡಿಸಿದ ಮೇಲೆ ಯಾವುದು ಯಾರ ಮನೆಯದು ಎಂದು ಹೇಳಲು ಬರುವುದಿಲ್ಲ. ನೋಡಿರಿ, ನಿಮಗೇನಾದರೂ ಗೊತ್ತಾಗುತ್ತದೆಯೇ?

ಕೌದಿಯ ನಾಲ್ಕು ಮೂಲೆಗಳನ್ನೂ ನೋಡಿರಿ. ಮಡಚಿ ಹೂವಿನಂತೆ ಹಚ್ಚಿದ ತುಂಡುಗಳಿವೆ. ಇದು ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಣ್ಣುಮಕ್ಕಳ ಪದ್ಧತಿ. ಅವರು ಇದನ್ನು ಫೂಲ ಎನ್ನುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲಿ ಇರುವ ಇವರ ಹಿರಿಯರು ಆಫ್ರಿಕದಿಂದ ಬಂದವರು. ಎಷ್ಟೋ ಜನರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಈ ಕಾಡು ಸೇರಿದರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಕೌದಿ ಮಾತ್ರ ಮೂವರಿಗೂ ಒಂದೇ. ಅಂಚಿನಿಂದ ಶುರುಮಾಡಿ ಸುತ್ತ ಹೊಲಿಯುತ್ತ ನಡುವಿಗೆ ಬಂದು ನಿಲ್ಲುತ್ತಾರೆ. ಮೂಲೆಗೆ ಫೂಲ ಹಚ್ಚದಿದ್ದರೆ ಕೌದಿ ಬೆತ್ತಲೆ ಎಂದೇ ಅವರ ಲೆಕ್ಕ. ಬಡತನದ ಹೊದಿಕೆಗೂ ಹೂ ಬೇಕು ಎನ್ನುವ ಆ ಸ್ವಾಭಿಮಾನ ನನಗೆ ಹಿಡಿಸಿತು.

ಈಗ ಆ ತುದಿಯ ಚೌಕವನ್ನು ನೋಡಿರಿ, ಹಸಿರು ಮತ್ತು ಹಳದಿಯದು. ಮೇಲಿನ ಎರಡು ಸಾಲು ಸಣ್ಣ ಸಣ್ಣ ಹೊಲಿಗೆ, ಅಕ್ಕಿಕಾಳಿನಂತೆ. ಮೂರನೆಯ ಸಾಲು ಉದ್ದುದ್ದ, ಸೊಟ್ಟ ಸೊಟ್ಟ. ಇದನ್ನು ಹೊಲಿದವಳ ಹೆಸರು ಹೇಳುವುದಿಲ್ಲ. ಅವಳ ಒಪ್ಪಿಗೆ ಕೇಳಿಯೇ ಇಷ್ಟು ಹೇಳುತ್ತಿದ್ದೇನೆ.

ಅವಳು ನಮ್ಮಲ್ಲೆಲ್ಲ ಚಂದದ ಹೊಲಿಗೆಯವಳು. ಒಂದು ಶನಿವಾರ ಬರಲಿಲ್ಲ. ಇನ್ನೊಂದು ಶನಿವಾರವೂ ಬರಲಿಲ್ಲ. ಗೈರುಹಾಜರಿಗೆ ಐದು ರೂಪಾಯಿ ದಂಡ ಎಂದು ಸಂಘದ ನಿಯಮ. ನಾನೇ ನನ್ನ ಕೈಯಾರೆ ಅವಳ ಹೆಸರಿನ ಮುಂದೆ ಐದು ಎಂದು ಬರೆದೆ, ಎರಡನೆಯ ವಾರ ಮತ್ತೆ ಐದು. ಮೂರನೆಯ ವಾರ ಅವಳ ಮಗಳು ಉಳಿತಾಯದ ಹಣ, ದಂಡದ ಹತ್ತು ರೂಪಾಯಿ, ಜೊತೆಗೆ ಈ ಚೌಕ ತಂದು ಕೊಟ್ಟಳು. ನಾನು ಚೌಕ ನೋಡಿ ಏನೆಂದೆ ಗೊತ್ತೇ? ‘ಅವ್ವಗ ಹೇಳವಾ, ಕೊನೀ ಸಾಲು ಬಿಚ್ಚಿ ಮತ್ತ ಹೊಲಿಲಿ’ ಎಂದೆ. ಹುಡುಗಿ ತಲೆ ತಗ್ಗಿಸಿ ನಿಂತಳು. ಆಮೇಲೆ, ‘ಅವ್ವನ ಬಲಗೈಗೆ ಪಟ್ಟಿ ಹಾಕ್ಯಾರ್ರಿ’ ಎಂದಳು.

ಹೇಗಾಯಿತು ಎಂದು ಕೇಳಿದ್ದಕ್ಕೆ ‘ಬಚ್ಚಲದಾಗ ಬಿದ್ಲ್ರಿ’ ಎಂದಳು. ಆ ಮಾತು ನಮಗೆಲ್ಲ ಗೊತ್ತು. ಈ ನಾಡಿನ ಬಚ್ಚಲುಗಳಲ್ಲಿ ಬೀಳುವವರು ಹೆಂಗಸರೇ. ಹಿಂದೆ ಸ್ಟೋ ಸಿಡಿದು ಸುಡುತ್ತಿದ್ದುದು ಸೊಸೆಯಂದಿರನ್ನೇ, ಅತ್ತೆಯರನ್ನಲ್ಲ. ಅವಳ ಮುಂಗೈಯ ನೀಲಿ ಗುರುತನ್ನು ನಮ್ಮಲ್ಲಿ ಮೂವರು ಮೊದಲೇ ನೋಡಿದ್ದರು. ಒಬ್ಬರೂ ಕೇಳಿರಲಿಲ್ಲ. ‘ಅವರ ಮನಿ ವಿಚಾರ ನಮಗ್ಯಾಕ’ ಎಂದುಕೊಂಡಿದ್ದೆವು. ಚೌಕದ ಅಳತೆ ಕಾಲು ಅಂಗುಲ ತಪ್ಪಿದರೆ ಹಿಡಿಯುವ ನಮ್ಮ ಕಣ್ಣಿಗೆ ಇದು ಕಾಣಲಿಲ್ಲವೇ? ಕಂಡಿತ್ತು. ಕಂಡೂ ದಂಡ ಬರೆದೆವು. ಆ ಹತ್ತು ರೂಪಾಯಿಯ ನಾಚಿಕೆ ನನಗೆ ಇನ್ನೂ ಹೋಗಿಲ್ಲ.

ಮರುದಿನ ನಾವು ನಾಲ್ವರು ಅವಳ ಮನೆಗೆ ಹೋದೆವು. ಜಗಳಕ್ಕೆ ಹೋಗಲಿಲ್ಲ. ಕೌದಿ ತೆಗೆದುಕೊಂಡು ಹೋಗಿ ಅವಳ ಪಡಸಾಲೆಯಲ್ಲಿ ಹಾಸಿ ಹೊಲಿಯುತ್ತ ಕೂತೆವು. ಅತ್ತೆ ಚಹಾ ಕೊಟ್ಟಳು, ಗಂಡ ಎದ್ದು ಹೊರಗೆ ಹೋದ. ಮೂರನೆಯ ದಿನ ಅವಳು ಬಾಯಿ ಬಿಟ್ಟಳು. ಮದುವೆಯಲ್ಲಿ ಮಾತಾಡಿದ್ದ ಒಂದು ತೊಲೆ ಬಂಗಾರ ತವರಿನಿಂದ ಬಂದಿರಲಿಲ್ಲ. ಹನ್ನೆರಡು ವರ್ಷ ಅದೇ ಮಾತು. ತವರಿನಲ್ಲಿ ಅಪ್ಪ ತೀರಿಕೊಂಡ ಮೇಲೆ ಅಲ್ಲಿಂದ ಏನೂ ಬರುವುದಿಲ್ಲ ಎಂದು ಗೊತ್ತಾಯಿತು. ಆಗ ಹೊಸ ದಾರಿ ಹುಡುಕಿದರು. ‘ನಿಮ್ಮ ಸಂಘದಾಗ ಐವತ್ತು ಸಾವಿರ ಸಾಲಾ ತಗೊಂಡು ಬಾ.’ ಅವಳು ಮೊದಲ ಸಾಲವೇ ತೀರಿಲ್ಲ ಎಂದಳು. ಅದಕ್ಕೆ ಕೈ ಮುರಿದರು.

ಗೆಳತಿಯರೇ, ಈ ಮಾತಿಗಾಗಿಯೇ ನಾನು ಇಲ್ಲಿಗೆ ಬಂದಿದ್ದು. ಮೊದಲು ‘ತವರಿನಿಂದ ತಾ’ ಎನ್ನುತ್ತಿದ್ದರು. ಈಗ ‘ಸಂಘದಿಂದ ತಾ’ ಎನ್ನುತ್ತಾರೆ. ನಮ್ಮ ಬಿಡುಗಡೆಗೆಂದು ಕಟ್ಟಿಕೊಂಡ ಸಂಘ ಗಂಡನ ಮನೆಯವರ ಕಣ್ಣಿಗೆ ಎರಡನೆಯ ತವರಾಗಿದೆ, ಹಿಂಡಿದಷ್ಟೂ ಹಾಲು ಕೊಡುವ ತವರು. ನಾವು ಸಾಲ ಮಂಜೂರು ಮಾಡುವಾಗ ಕಂತು ಕಟ್ಟುತ್ತಾಳೋ ಇಲ್ಲವೋ ಎಂದಷ್ಟೇ ನೋಡುತ್ತೇವೆ. ಸಾಲ ಯಾರಿಗೆ ಬೇಕಾಗಿದೆ, ಕೇಳದೆ ಹೋದರೆ ಅವಳಿಗೆ ಮನೆಯಲ್ಲಿ ಏನಾಗುತ್ತದೆ ಎಂದು ಕೇಳುತ್ತೇವೆಯೇ? ಹದಿನೈದು ಜನರಲ್ಲಿ ಒಬ್ಬಳ ಕಂತು ತಪ್ಪಿದರೆ ಅವಳ ಮನೆಗೆ ಎಲ್ಲರೂ ಹೋಗುತ್ತೇವೆ. ಅವಳೇ ತಪ್ಪಿದಾಗ ಯಾಕೆ ಹೋಗುವುದಿಲ್ಲ?

ಮುಂದೇನಾಯಿತು ಎಂದು ಕೇಳುತ್ತೀರಿ. ಕಾನೂನಿನ ದಾರಿ ಹಿಡಿಯಬೇಕೋ ಬೇಡವೋ ಎನ್ನುವುದನ್ನು ಅವಳಿಗೇ ಬಿಟ್ಟೆವು. ದಾರಿ ಇದೆ ಎಂದು ಮಾತ್ರ ತಿಳಿಸಿದೆವು. 2005ರಲ್ಲಿ ಆದ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತ ಮಾತ್ರವಲ್ಲ, ಬೈಗುಳ, ವರದಕ್ಷಿಣೆಯ ಕಾಟ, ಅವಳ ದುಡ್ಡು, ಅವಳ ಸ್ತ್ರೀಧನ ಕಸಿಯುವುದು, ಇವೂ ಅದರಲ್ಲಿ ದೌರ್ಜನ್ಯವೇ. ಮನೆ ಯಾರ ಹೆಸರಿನಲ್ಲೇ ಇರಲಿ, ಅದರಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಆ ಕಚೇರಿ ತೋರಿಸುತ್ತಾಳೆ. ಇದರಲ್ಲಿ ಸಂಘದವರು ನೆನಪಿಡಬೇಕಾದ ಮಾತು ಇನ್ನೊಂದಿದೆ. ದೌರ್ಜನ್ಯ ನಡೆಯುತ್ತಿದೆ ಎಂದು ಅಧಿಕಾರಿಗೆ ತಿಳಿಸಲು ಅವಳೇ ಹೋಗಬೇಕೆಂದಿಲ್ಲ. ಗೊತ್ತಿದ್ದವರು ಯಾರು ಬೇಕಾದರೂ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ. ‘ಅವರ ಮನಿ ವಿಚಾರ ನಮಗ್ಯಾಕ’ ಎನ್ನುವ ಮಾತನ್ನು ಕಾನೂನು ಆಗಲೇ ತೆಗೆದುಹಾಕಿದೆ. ನಾವಿನ್ನೂ ಹಿಡಿದುಕೊಂಡಿದ್ದೇವೆ.

ಅವಳು ಎರಡು ತಿಂಗಳು ಯೋಚಿಸಿ ಅರ್ಜಿ ಕೊಟ್ಟಳು. ಉಚಿತ ಕಾನೂನು ನೆರವಿನ ವಕೀಲರು ಸಿಕ್ಕರು. ಆ ನೆರವು ಪಡೆಯಲು ಹೆಂಗಸರಿಗೆ ವರಮಾನದ ಮಿತಿ ಇಲ್ಲ. ಓಡಾಟ ಬಹಳವಾಯಿತು, ತಾರೀಕಿನ ಮೇಲೆ ತಾರೀಕು ಬಿತ್ತು. ಕೊನೆಗೆ ಹೊಡೆಯಕೂಡದು, ಮನೆ ಬಿಡಿಸಕೂಡದು ಎಂದು ನ್ಯಾಯಾಲಯ ಆದೇಶ ಮಾಡಿತು. ಅವಳು ಅದೇ ಮನೆಯಲ್ಲಿದ್ದಾಳೆ. ಎಲ್ಲ ಸರಿಹೋಯಿತು ಎಂದು ಸುಳ್ಳು ಹೇಳುವುದಿಲ್ಲ. ಮಾತು ಬಿಟ್ಟಿದ್ದಾರೆ, ಮುಖ ಗಂಟಿಕ್ಕಿದ್ದಾರೆ. ಆದರೆ ಕೈ ಎತ್ತಿಲ್ಲ. ಶನಿವಾರ ಅವಳು ಬರುತ್ತಾಳೆ. ಆ ಕೊನೆಯ ಸಾಲನ್ನು ಬಿಚ್ಚಿ ಸರಿಮಾಡುತ್ತೇವೆ ಎಂದಾಗ ಅವಳೇ, ‘ಇರ್ಲಿ ಬಿಡ್ರಿ ಅಕ್ಕಾರ, ಎಡಗೈಲೆ ಹೊಲಿದದ್ದು’ ಎಂದಳು. ಹಾಗೇ ಇಟ್ಟಿದ್ದೇವೆ.

ಚಿಂದಿ ಹೊಲಿಯುವ ಹೆಂಗಸರು ಹೀಗೆ ಎದ್ದು ನಿಂತದ್ದು ಇಲ್ಲಿ ಮಾತ್ರವಲ್ಲ. ಬಿಹಾರದ ಮುಜಫ್ಫರ್‌ಪುರ ಜಿಲ್ಲೆಯಲ್ಲಿ ಭುಸುರಾ ಎಂಬ ಹಳ್ಳಿಯಿದೆ. ಅಲ್ಲಿ ಹಳೆಯ ಸೀರೆಯ ಪದರುಗಳನ್ನು ಕೂಡಿಸಿ ಹುಟ್ಟಿದ ಕೂಸಿಗೆ ಸುಜನಿ ಹೊಲಿಯುತ್ತಿದ್ದರು, ನಮ್ಮ ಕೂಸಿನ ಕೌದಿಯಂತೆಯೇ. 1988ರ ಸುಮಾರಿಗೆ ಅದಿತಿ ಎಂಬ ಸಂಸ್ಥೆಯ ನೆರವಿನಿಂದ ಅವರು ಅದನ್ನು ಮಾರಾಟಕ್ಕೆ ಹೊಲಿಯತೊಡಗಿದರು. ಬರೇ ಹೂಬಳ್ಳಿ ಹೊಲಿಯಲಿಲ್ಲ. ವರದಕ್ಷಿಣೆಯ ಚೌಕಾಸಿ, ಹೆಂಡತಿಯನ್ನು ಹೊಡೆಯುವ ಗಂಡ, ಇಂಥ ತಮ್ಮ ಬದುಕಿನ ಚಿತ್ರಗಳನ್ನೇ ದಾರದಲ್ಲಿ ಬಿಡಿಸಿದರು. ಬಾಯಿಂದ ಹೇಳಲಾಗದ್ದನ್ನು ಸೂಜಿಯಿಂದ ಹೇಳಿದರು.

ದೂರದ ಅಮೆರಿಕದಲ್ಲಿ, ಅಲಬಾಮದ ವಿಲ್ಕಾಕ್ಸ್ ಎಂಬ ಕೌಂಟಿಯಲ್ಲಿ, ಕಪ್ಪು ಹೆಂಗಸರು ಹರಿದ ಕೆಲಸದ ಬಟ್ಟೆಗಳಿಂದ ನಮ್ಮಂತೆಯೇ ಚೌಕ ಜೋಡಿಸಿ ಹೊಲಿಯುತ್ತಿದ್ದರು. 1960ರ ದಶಕದಲ್ಲಿ ಮತದಾನದ ಹಕ್ಕು ಕೇಳಿದ್ದಕ್ಕೆ ಬಿಳಿಯ ಜಮೀನುದಾರರು ಎಷ್ಟೋ ಕುಟುಂಬಗಳನ್ನು ಮನೆ ಬಿಡಿಸಿ ಓಡಿಸಿದರು. 1966ರಲ್ಲಿ ಆ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಕಟ್ಟಿದರು. ಹೊದಿಕೆಗಳು ನ್ಯೂಯಾರ್ಕ್‌ನಲ್ಲಿ ಮಾರಾಟವಾದವು. ಆ ದುಡ್ಡಿನಲ್ಲಿ ಅವರು ಮಾಡಿದ ದೊಡ್ಡ ಕೆಲಸ ಯಾವುದು? ಸಂಘದ ಹೆಸರಿನಲ್ಲಿ ಜಮೀನು ಕೊಂಡರು, 1969ರಲ್ಲಿ ತಮ್ಮದೇ ಹೊಲಿಗೆಯ ಮನೆ ಕಟ್ಟಿದರು, ಮನೆ ಕಳೆದುಕೊಂಡ ಕುಟುಂಬಗಳಿಗೂ ಅಲ್ಲಿ ಜಾಗ ಕೊಟ್ಟರು. ಆ ಸಂಘ 2012ರಲ್ಲಿ ಮುಚ್ಚಿತು. ಆದರೆ ನಮಗೆ ಪಾಠ ಇದೆ. ದುಡಿದ ದುಡ್ಡು ಯಾರ ಹೆಸರಿನಲ್ಲಿ ಉಳಿಯಿತು ಎನ್ನುವುದೇ ಮುಖ್ಯ.

ನಮ್ಮಲ್ಲಿ ಏನಾಗುತ್ತದೆ? ಕೌದಿ ಮಾರಿದ ದುಡ್ಡು ಮಗಳ ಮದುವೆಗೆಂದು ಕೂಡಿಡುತ್ತೇವೆ. ಹೀಗೆ ನಮ್ಮ ಬೆರಳಿಗೆ ಚುಚ್ಚಿಸಿಕೊಂಡು ದುಡಿದದ್ದು ಇನ್ನೊಬ್ಬನ ಮನೆಯ ಬೈಕಾಗುತ್ತದೆ. 1961ರಿಂದ ವರದಕ್ಷಿಣೆ ನಿಷೇಧ ಕಾಯ್ದೆ ಇದೆ, ಕೇಳುವುದೂ ಕೊಡುವುದೂ ಅಪರಾಧ. ಗಂಡನ ಮನೆಯವರ ಕ್ರೌರ್ಯಕ್ಕೆ 1983ರಲ್ಲಿ ಬಂದ 498ಎ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ಅಂಕಿ ಬದಲಾಗಿದೆ, ಅಪರಾಧ ಬದಲಾಗಿಲ್ಲ. ಹೆಣ್ಣಿಗೆ ಪ್ರೀತಿಯಿಂದ ಕೊಟ್ಟ ಸ್ತ್ರೀಧನ ಅವಳದೇ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಮಗಳಿಗೆ ಕೊಡಲೇಬೇಕೆಂದರೆ ಓದು ಕೊಡಿರಿ, ಅವಳ ಹೆಸರಿನಲ್ಲಿ ಪಾಸ್‌ಬುಕ್ ಮಾಡಿಸಿಕೊಡಿರಿ, ಆಸ್ತಿಯಲ್ಲಿ ಅವಳ ಪಾಲು ಕೊಡಿರಿ. ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿನ ಕಾನೂನನ್ನು ಕರ್ನಾಟಕ 1994ರಲ್ಲೇ ಮಾಡಿತು, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ.

ಆ ಘಟನೆಯಾದ ಮೇಲೆ ನಮ್ಮ ಸಂಘದಲ್ಲಿ ನಾಲ್ಕು ನಿಯಮ ಬರೆದುಕೊಂಡೆವು. ನಿಮಗೆ ಒಪ್ಪಿಗೆಯಾದರೆ ನೀವೂ ಬರೆದುಕೊಳ್ಳಿರಿ. ಒಂದು, ಯಾರಾದರೂ ಸಭೆಗೆ ಬರದಿದ್ದರೆ ದಂಡ ಬರೆಯುವ ಮೊದಲು ಇಬ್ಬರು ಅವಳ ಮನೆಗೆ ಹೋಗಿ ಬರಬೇಕು. ಎರಡು, ಸಾಲ ಕೇಳಿದವಳನ್ನು ಬೇರೆ ಕೂಡಿಸಿಕೊಂಡು ‘ಇದು ನಿನಗ ಬೇಕಾಗೇದೋ, ಕೇಳಲಿಕ್ಕೆ ಹಚ್ಯಾರೋ’ ಎಂದು ಕೇಳಬೇಕು. ಒತ್ತಾಯದ ಸಾಲವಾದರೆ ‘ಸಂಘ ಕೊಡಲಿಲ್ಲ’ ಎಂದು ನಾವೇ ಹೇಳುತ್ತೇವೆ, ಬೈಗುಳ ಸಂಘಕ್ಕೆ ಬರಲಿ, ಅವಳಿಗೆ ಬೇಡ. ಮೂರು, ವರದಕ್ಷಿಣೆಗೆ ಸಂಘದ ಒಂದು ಪೈಸೆಯೂ ಇಲ್ಲ. ನಾಲ್ಕು, ಕೌದಿಯ ದುಡ್ಡು ಹೊಲಿದವಳ ಹೆಸರಿನ ಖಾತೆಗೇ ಹೋಗಬೇಕು, ಬೆಲೆ ಹೇಳುವಾಗ ಬಟ್ಟೆ, ದಾರದ ಜೊತೆಗೆ ಕೂತ ತಾಸುಗಳ ಕೂಲಿಯನ್ನೂ ಲೆಕ್ಕ ಹಿಡಿಯಬೇಕು. ಸಂಘದ ಪುಸ್ತಕದ ಮೊದಲ ಪುಟದಲ್ಲಿ ಮಹಿಳಾ ಸಹಾಯವಾಣಿ 181 ಮತ್ತು ತುರ್ತು ಸಂಖ್ಯೆ 112 ದೊಡ್ಡದಾಗಿ ಬರೆದಿದೆ. ಓದು ಬಾರದವರೂ ಆ ಅಂಕಿಗಳನ್ನು ಬಾಯಿಪಾಠ ಮಾಡಿದ್ದಾರೆ.

ನಮ್ಮ ಅಜ್ಜಿಯರು ಕೌದಿಯ ಸುತ್ತ ಕೂತು ಅತ್ತರು. ಅಷ್ಟಾದರೂ ಅವರಿಗೆ ಜಾಗವಿತ್ತು. ನಾವು ಅಲ್ಲಿಂದ ಏಳುವಾಗ ಒಂದು ಕೆಲಸ ಹಿಡಿದು ಏಳಬೇಕು. ನಿಮ್ಮ ಪಕ್ಕ ಕೂತವಳ ಹೊಲಿಗೆ ಇದ್ದಕ್ಕಿದ್ದಂತೆ ಸೊಟ್ಟಾದರೆ ಬಿಚ್ಚಲು ಹೇಳಬೇಡಿರಿ. ಕೈಗೆ ಏನಾಗಿದೆ ಎಂದು ಕೇಳಿರಿ.

ಈ ಕೌದಿಯನ್ನು ಮಾರುವುದಿಲ್ಲ ಎಂದು ತೀರ್ಮಾನಿಸಿದ್ದೇವೆ. ರಾತ್ರೋರಾತ್ರಿ ಮನೆ ಬಿಟ್ಟು ಬರಬೇಕಾದ ಹೆಣ್ಣುಮಗಳಿಗೆ ಹೊದೆಯಲು ಇರಲಿ ಎಂದು ಸಂಘದ ಪೆಟ್ಟಿಗೆಯಲ್ಲಿ ಇಡುತ್ತೇವೆ. ಯಾರಿಗೂ ಬೇಕಾಗದಿರಲಿ ಎಂದೇ ನಮ್ಮ ಆಸೆ. ಬೇಕಾದರೆ ಮಾತ್ರ ಸಿದ್ಧವಿರಬೇಕು.

ಈಗ ನನ್ನ ಮಾತು ಸಾಕು. ಸೂಜಿ, ದಾರ, ರಟ್ಟಿನ ಅಳತೆ ಎಲ್ಲ ತಂದಿದ್ದೇನೆ. ಹತ್ತಿರ ಬನ್ನಿರಿ, ಮೊದಲ ಚೌಕ ಕತ್ತರಿಸೋಣ. ನಿಮ್ಮ ನಿಮ್ಮ ಮಾತು ಶುರುವಾಗಲಿ.